ಸಮಾಧಿಗೆ ಸಾಲದ ಕಪ್ಪು ಬಣ್ಣ

ಪ್ರೀತಿಯ ರೆಮಿ,

ನಿನ್ನ ಸಮಾಧಿಗೆ ಸುಣ್ಣ ಬಳಿದು ಈಗಷ್ಟೇ ಬಂದೆ. ನಾಳೆ ಸತ್ತವರ ಹಬ್ಬವಾದ್ದರಿಂದ ಊರಿನ ಬದುಕಿರುವವರೆಲ್ಲ ಸ್ಮಶಾನದಲ್ಲೇ ಇದ್ದರು. ನಿನ್ನ ಹೆಸರನ್ನೂ ಹೊಸದಾಗಿ ಬರೆದೆ: ರೆಮೆಡಿಯೋಸ್ ಡಿಮಲಾಂಟಾ. ನಮ್ಮಪ್ಪನ ಮನೆಯ ಹೆಸರಷ್ಟೇ. ಗಂಡನದು ಸುಣ್ಣದಡಿ ಹೋಯಿತು. ನಮ್ಮ ಫಿಲಿಪೀನ್ಸಿನಲ್ಲಿ ವಿಚ್ಛೇದನಕ್ಕೆ ಕಾನೂನಿಲ್ಲ, ಸುಣ್ಣಕ್ಕೇನೂ ಅಡ್ಡಿಯಿಲ್ಲ.

ಅಷ್ಟರಲ್ಲಿ ನಿನ್ನ ಗಂಡ ದಾದೊ ಬಂದ. ಮೂರೇ ಮೆಟ್ಟಿಲಿನ ಮನೆಯಲ್ಲಿ ಹೆಂಡತಿ ಮೆಟ್ಟಿಲಿಂದ ಬಿದ್ದು ಸತ್ತಳೆಂದು ಪೊಲೀಸರನ್ನು ನಂಬಿಸಿದ ಮಹಾ ಕಥೆಗಾರ. ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದರಲ್ಲಿ ಮುಂದಿನ ತಿಂಗಳು ಮದುವೆಯಾಗಲಿರುವ ಹುಡುಗಿಯ ಮಣಿಕಟ್ಟು.

"ಚೊನಾ ಅಕ್ಕ, ನನ್ನ ಹೆಸರೆಲ್ಲಿ?"

"ಕಪ್ಪು ಬಣ್ಣ ಸಾಲಲಿಲ್ಲಪ್ಪ."

"ಡಬ್ಬ ತುಂಬಾ ಇದೆಯಲ್ಲ."

"ಅದು ಪಕ್ಕದ ಸಮಾಧಿಯವರದು."

ಅವನು ನಗಲಿಲ್ಲ. ಬ್ರಷ್ ಕಿತ್ತುಕೊಂಡು ಮಂಡಿಯೂರಿದ. ಡಬ್ಬ ಹಿಡಿದು ಬರೆಯಲು ಎರಡೂ ಕೈ ಬೇಕಾದ್ದರಿಂದ ಹುಡುಗಿಯ ಮಣಿಕಟ್ಟು ಬಿಟ್ಟ. ಅಲ್ಲಿ ಬೆರಳುಗಳ ನೀಲಿ ಗುರುತಿತ್ತು.

ನಾನು ಅವಳ ಕಿವಿಯಲ್ಲಿ ಹೇಳಿದೆ: "ನಮ್ಮನೆ ಚರ್ಚಿನ ಹಿಂದೆ, ಹಸಿರು ಬಾಗಿಲು. ಯಾವಾಗ ಬೇಕಾದ್ರೂ ಬಾ. ತಟ್ಟಬೇಡ, ತಳ್ಳು."

"ಯಾಕಕ್ಕಾ?"

ನಾನು ನಿನ್ನ ಹೆಸರಿನ ಕಡೆ ನೋಡಿದೆ. ಅವಳೂ ನೋಡಿದಳು, ಮೆಲ್ಲಗೆ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

"ಏನ್ ಗುಸುಗುಸು?" ಎಂದ ದಾದೊ, ತಿರುಗದೆ.

"ನಿನ್ನ ಅಕ್ಷರ ಚೆನ್ನಾಗಿದೆ ಅಂತಿದ್ವಿ."

ಅವನ ಹೆಸರು ಮತ್ತೆ ನಿನ್ನ ಮೇಲೆ ಕೂತಿದೆ. ಹಬ್ಬ ಮುಗಿಯಲಿ, ಅಳಿಸುತ್ತೇನೆ.

ಹಸಿರು ಬಾಗಿಲು ನಿನಗೆ ಗೊತ್ತಿರುವುದೇ. ನೀನು ತಟ್ಟಿದ ರಾತ್ರಿ ನಾನು ತೆಗೆಯದ ಅಗುಳಿಯನ್ನು ಈಗ ಕಿತ್ತು ಹಾಕಿದ್ದೇನೆ.

ನಿನ್ನ ಚೊನಾ