ಹದಿಮೂರು ಅಕ್ಷರದ ಪದ

ಬಬಲೇಶ್ವರ
22-6-1961

ಚಿ. ಕು. ರೇಣವ್ವಳಿಗೆ ನಿನ್ನ ಅಪ್ಪ ಶಾಂತಪ್ಪ ಮಾಡುವ ಆಶೀರ್ವಾದ.

ನಾವಿಲ್ಲಿ ಉಂಡುಟ್ಟು ಸುಖವಾಗಿದ್ದೇವೆ. ಅಲ್ಲಿ ತಿಕೋಟಾದಲ್ಲಿ ನಿನ್ನ ಸೋದರತ್ತೆ ಮುರಿದ ಕಾಲು ಊರಿ ನಾಲ್ಕು ಹೆಜ್ಜೆ ನಡೆದಳೆಂದು ಬರೆದಿದ್ದಿ. ಕೇಳಿ ನಿನ್ನ ಅವ್ವ ಓಣಿಗೆಲ್ಲ ಬೆಲ್ಲ ಹಂಚಿದಳು. ಈಚೆಗೆ ನಿನ್ನ ಮೂರು ಪತ್ರ ಬಂದರೂ ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಮೈಗಳ್ಳತನ ಅಲ್ಲವ್ವಾ. ಮೂರರಲ್ಲೂ ನೀನು ಒಂದೇ ಮಾತು ಕೇಳಿದ್ದಿ, ನರ್ಸ್ ತರಬೇತಿಗೆ ವಿಜಾಪುರದಿಂದ ಕರೆ ಬಂತೇನು ಎಂದು. ಆ ಮಾತಿಗೆ ಬರುತ್ತೇನೆ. ಸ್ವಲ್ಪ ಸುತ್ತು ಹಾಕಿ ಬರುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತೇ ಇದೆ.

ನೀನು ತಿಕೋಟಾಕ್ಕೆ ಹೋಗುವಾಗ ಹಚ್ಚಿ ಹೋದ ಆಟ ನನಗೆ ಬೀಡಿಗಿಂತ ದೊಡ್ಡ ಚಟವಾಗಿ ಕೂತಿದೆ. ನೀನು ಪತ್ರದಲ್ಲಿ ಮೂರು ಇಂಗ್ಲಿಷ್ ಅಕ್ಷರ ಕೊಡುವುದು, ಆ ಮೂರೂ ಇರುವ ಎಲ್ಲಕ್ಕಿಂತ ಉದ್ದದ ಪದ ನಾನು ಹುಡುಕಿ ಕಳಿಸುವುದು, ಅದರ ಅರ್ಥ ನೀನು ಬರೆಯುವುದು. ನೀನು ಮ್ಯಾಟ್ರಿಕ್ ಪಾಸಾದಾಗ ಮಲಕಾಜಪ್ಪ ಮಾಸ್ತರರು ಕೊಟ್ಟರಲ್ಲ, ಮೊದಲಿನ ಹಾಳೆಗಳು ಹರಿದುಹೋದ ಆ ಹಳೆಯ ನಿಘಂಟು, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂಡುತ್ತೇನೆ. ಅಕ್ಷರಕ್ಕೊಂದು ತೊಗರಿಕಾಳು ಇಟ್ಟು ಎಣಿಸುತ್ತೇನೆ. "ಬ್ಯಾಳಿ ಮಾಡೂ ಕಾಳು ಎಣಿಸಿ ಎಣಿಸಿ ಸವಸಾಕತ್ತೀರಿ" ಎಂದು ನಿನ್ನ ಅವ್ವ ಬೈಯುತ್ತಾಳೆ. ಬೈದು, ತಾನೇ ಬಗ್ಗಿ ನೋಡಿ, "ಇದು ಉದ್ದ ಐತಿ ನೋಡ್ರಿ" ಎನ್ನುತ್ತಾಳೆ.

ಕಳೆದ ತಿಂಗಳು ನೀನು ಸಿ, ಎಂ, ಡಿ ಕೊಟ್ಟಿದ್ದಿ. ನಾನು ಹದಿಮೂರು ಅಕ್ಷರದ ಪದ ಕಳಿಸಿದೆ, ಅಕಾಮೊಡೇಶನ್. "ಯಪ್ಪಾ, ಇಂಥಾದ್ದು ಎಲ್ಲಿ ಸಿಕ್ತು? ಇರಾಕ ಜಾಗಾ ಅಂತ ಅರ್ಥ. ನಾ ಸೋತೆ" ಎಂದು ನೀನು ಬರೆದೆ. ಆ ಕಾರ್ಡನ್ನು ಊರೆಲ್ಲ ತೋರಿಸಿಕೊಂಡು ಬಂದೆ. ಮಾಸ್ತರರಿಗೂ ತೋರಿಸಿದೆ. ಅವರು ಹುಬ್ಬು ಗಂಟಿಕ್ಕಿದರು.

"ಶಾಂತಪ್ಪಾ, ನಾ ಕೊಟ್ಟ ಪುಸ್ತಕದಾಗ ಎ, ಬಿ, ಸಿ ಹಾಳೀನ ಇಲ್ಲ. ಎ ಇಂದ ಸುರು ಆಗೂ ಈ ಪದ ಎಲ್ಲಿಂದ ತಂದಿ?"

ಮನೆಗೆ ಹೋಗಿ ಆ ಪದವಿದ್ದ ಕಾಗದ ತಂದು ಅವರ ಕೈಗಿಟ್ಟೆ. ಓದಿ ಅವರು ಕನ್ನಡಕ ತೆಗೆದರು. ಆಮೇಲೆ ಅದರಲ್ಲಿದ್ದುದನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದರು.

ರೇಣವ್ವಾ, ಅದೇ ನಿನ್ನ ಕರೆ. ಜೂನ್ ಐದಕ್ಕೆ ಸರ್ಟಿಫಿಕೇಟು ತಗೊಂಡು ಬರಬೇಕು, ಆಯ್ಕೆಯಾದವರಿಗೆ ಅಲ್ಲಿಯೇ ಇರಲು ಜಾಗ ಕೊಡುತ್ತೇವೆ ಎಂದು ಬರೆದಿದ್ದರು. ಮಾಸ್ತರರು ಅದನ್ನು ಓದಿದ ದಿನ ಜೂನ್ ಹದಿನಾಲ್ಕು.

ಹೇಗಾಯಿತು ಎನ್ನುತ್ತಿ? ಮೇ ಇಪ್ಪತ್ತಕ್ಕೆ ಟಪಾಲಿನ ರಾಯಪ್ಪ ಚಾವಡಿ ಮುಂದೆ ನನ್ನ ಕೂಗಿ ಕರೆದ. ನಮ್ಮ ಓಣಿಗೆ ಇಂಗ್ಲಿಷ್ ಕಾಗದ ಬಂದದ್ದು ಅದೇ ಮೊದಲು. ಗೌಡರಿದ್ದರು, ಹತ್ತಾರು ಜನ ಇದ್ದರು. "ಸೋಲಾಪುರದಾಗ ಇಂಗ್ಲಿಷ್ ಕಲತ ಬಂದಾನಲ್ಲ, ಓದ್ಲಿ ತಡೀರಿ" ಎಂದರು ಯಾರೋ. ನಾನು ಲಕೋಟೆ ಒಡೆದೆ. ಕಣ್ಣು ಮೇಲಿಂದ ಕೆಳಗೆ ಇಳಿಸಿದೆ. "ಅರ್ಜಿ ಮುಟ್ಟೇತಂತ, ಮುಂದ ಬರೀತಾರಂತ" ಎಂದುಬಿಟ್ಟೆ. ಗೌಡರು "ಭೇಷ್" ಎಂದರು. ಆ ಒಂದು ಭೇಷಿಗೆ ನಿನ್ನನ್ನು ಮಾರಿದೆ. ನಿನಗೂ ಅದೇ ಸುಳ್ಳನ್ನು ಬರೆದೆ.

ಸೋಲಾಪುರದ ಗಿರಣಿ ಗೋದಾಮಿನಲ್ಲಿ ಆರು ವರ್ಷ ಅರಿವೆಯ ಗಂಟುಗಳ ಮೇಲಿನ ಇಂಗ್ಲಿಷ್ ಅಕ್ಷರ ನೋಡಿ ಹೊಂದಿಸಿ ಇಡುವುದು ನನ್ನ ಕೆಲಸವಾಗಿತ್ತು. ಇಪ್ಪತ್ತಾರು ಅಕ್ಷರ ಗೊತ್ತಾದವು. ಭಾಷೆ ಒಂದು ಸಾಲೂ ಬರಲಿಲ್ಲ. "ಅರ್ಥ ನೀನೇ ಬರಿ, ನಿನಗ ರೂಢಿ ಆಗ್ತೈತಿ" ಎಂದು ದೊಡ್ಡಸ್ತಿಕೆಯಿಂದ ಹೇಳುತ್ತಿದ್ದೆನಲ್ಲ, ನನಗೆ ಗೊತ್ತಿದ್ದರೆ ಹಾಗೆ ಹೇಳುತ್ತಿರಲಿಲ್ಲ. "ಮಾಸ್ತರ ಕಡೆ ಒಮ್ಮಿ ಓದಿಸ್ಕೊಂಡ ಬರ್ರಿ" ಎಂದು ನಿನ್ನ ಅವ್ವ ಎರಡು ಸಲ ಹೇಳಿದಳು. ಗದರಿದೆ. ಆಮೇಲೆ ನಿನ್ನ ಕಾರ್ಡು ಬಂತು, ನಿಘಂಟಿನಲ್ಲಿ ಉದ್ದ ಪದ ಸಿಗಲಿಲ್ಲ, ಆ ಕಾಗದದಲ್ಲಿ ಸಿಕ್ಕಿತು. ನಿನ್ನ ನಸೀಬನ್ನೇ ಕೈಯಲ್ಲಿ ಹಿಡಿದು ಅದರ ಮೇಲೆ ತೊಗರಿಕಾಳು ಇಟ್ಟು ಎಣಿಸಿ ಕುಣಿದಾಡಿದೆ.

ನಿನ್ನೆ ಮಾಸ್ತರರನ್ನು ಕರಕೊಂಡು ವಿಜಾಪುರಕ್ಕೆ ಹೋಗಿದ್ದೆ. ತರಬೇತಿಯ ಮುಖ್ಯಸ್ಥೆ ಅಬೇದಾ ಅವರ ಮುಂದೆ ಏನನ್ನೂ ಮುಚ್ಚಲಿಲ್ಲ. ಅವರು ಬೈಯಲಿಲ್ಲ. "ಈ ಸಲದ ಜಾಗಾ ತುಂಬಿದಾವ್ರಿ. ಡಿಸೆಂಬರದಾಗ ಮತ್ತೊಂದಿಷ್ಟು ಹುಡುಗ್ಯಾರನ್ನ ತಗೋತೀವಿ. ಹೆಸರು ಬರಕೊಂಡೀನಿ, ಆದ್ರ ಭರೋಸಾ ಕೊಡಾಕ ಆಗೂದಿಲ್ಲ" ಎಂದರು. ನಿನ್ನ ಅರ್ಜಿ ತೆಗೆಸಿ ನೋಡಿ "ಅಕ್ಷರ ಚಂದ ಬರೀತಾಳ" ಎಂದೂ ಅಂದರು. ಇನ್ನು ಮುಂದೆ ಕಾಗದಗಳು ತಿಕೋಟಾಕ್ಕೆ, ನಿನ್ನ ಹೆಸರಿಗೇ ಬರುತ್ತವೆ.

ಮೋಟಾರ್ ಸ್ಟ್ಯಾಂಡಿನಲ್ಲಿ ತಿಕೋಟಾದ ಮೋಟಾರು ನಿಂತಿತ್ತು. "ಹೋಗಿ ಮಗಳಿಗೆ ಹೇಳಿ ಬಾ" ಎಂದರು ಮಾಸ್ತರರು. ಹತ್ತಿ ಕೂತೆ. ಕಂಡಕ್ಟರು ಬರುವುದರೊಳಗೆ ಇಳಿದೆ. ನಿನ್ನ ಮುಖ ನೋಡುವ ಧೈರ್ಯ ಸಾಲಲಿಲ್ಲ ತಾಯಿ. ಅದಕ್ಕೇ ಬರೆಯುತ್ತಿದ್ದೇನೆ.

ಸಿಟ್ಟು ಬಂದರೆ ಬರಲಿ, ಬಂದಷ್ಟೂ ನ್ಯಾಯವೇ. ಆದರೆ ಊಟ ಬಿಡಬೇಡ. ಅತ್ತೆಯ ಕೆಲಸ ಮುಗಿದ ಮೇಲೆ ಇಂಗ್ಲಿಷ್ ಓದುವುದನ್ನು ಬಿಡಬೇಡ. ಚಾವಡಿಗೆ ಹೋಗಿ ಅದೇ ಜನರ ಮುಂದೆ ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಿ ಬಂದಿದ್ದೇನೆ. ನಿನ್ನ ಅವ್ವ ರೊಟ್ಟಿಗೆ ಹಚ್ಚಿಕೊಳ್ಳಲೆಂದು ಶೇಂಗಾ ಹುರಿದು ಹಿಂಡಿ ಕುಟ್ಟಿ ಕಳಿಸಿದ್ದಾಳೆ. ನೂರು ವರ್ಷ ಬಾಳು, ನಿನ್ನ ಕೈ ಹಿಡಿದ ರೋಗಿಗಳೆಲ್ಲ ಎದ್ದು ನಡೆಯಲಿ.

ಇಂತಿ ನಿನ್ನ ಅಪ್ಪ,
ಶಾಂತಪ್ಪ

ತಾ.ಕ.: ಇಷ್ಟು ಬರೆದ ಮೇಲೂ ಒಂದು ಉಳಿದಿದೆ. ನೀನು ಪ್ರತಿ ಪತ್ರದ ಕೊನೆಗೆ ನನಗೆಂದೇ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆಯುತ್ತಿ. "ಓದಿ ಬಹಳ ಸಂತೋಷವಾಯಿತು" ಎಂದು ನಾನು ಉತ್ತರ ಬರೆದಾಗಲೆಲ್ಲ ಬರೆದಿದ್ದೇನೆ. ಒಂದನ್ನೂ ಓದಿಲ್ಲವ್ವಾ. ಉದ್ದ ಪದ ಇದೆಯೇ ಎಂದು ಹುಡುಕಿದೆ, ಎಲ್ಲ ಮೂರು ನಾಲ್ಕು ಅಕ್ಷರದ ಸಣ್ಣ ಸಣ್ಣ ಪದಗಳೇ, ಹಾಗೇ ಮಡಚಿ ಇಟ್ಟೆ. ಹನ್ನೊಂದು ಪತ್ರ ಇವೆ. ಅವು ನೀನು ನನಗೆ ಬರೆದವು ಎಂದು ಮಾಸ್ತರರಿಗೂ ತೋರಿಸಿಲ್ಲ. ಅವುಗಳಲ್ಲಿ ನೀನು ನನ್ನನ್ನು ಏನಾದರೂ ಕೇಳಿದ್ದೆಯಾ?