ಬಡಗಿ ಮಗಳಿಗೆ ಬಗ್ಗಿಸಿದ ಅರ್ಧ ಲೋಟ

ತಂಗಿಗೆ, ಮಂಡಿನೋವು ಬಿಟ್ಟರೆ ಕ್ಷೇಮವಾಗಿರುವ ಅಣ್ಣನ ಆಶೀರ್ವಾದ.

ಈ ಪರದೇಶದಲ್ಲಿ ನನಗೆ ಕೋಣೆ ಬಾಡಿಗೆ ಕೊಟ್ಟಿರುವ ಬಡಗಿ ಭಾನುವಾರ ಊಟಕ್ಕೆ ಕರೆದಿದ್ದ. ಹದಿನೈದು ವರ್ಷದ ಮಗಳಿಗೆ ತಾನೇ ಅರ್ಧ ಲೋಟ ವೈನ್ ಬಗ್ಗಿಸಿದ! ತಡೆಯಲಾರದೆ ನನ್ನ ಕಾಲೇಜು ಇಂಗ್ಲಿಷಿನಲ್ಲಿ “ಸರ್, ಶಿ ಈಸ್ ಚೈಲ್ಡ್” ಎಂದೆ.

“ಕದ್ದು ಕುಡಿಯೋ ಬದಲು ನನ್ನೆದುರಿಗೇ ಕುಡೀಲಿ ಬಿಡಿ, ಯಜಮಾನ್ರೇ,” ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿ ನಕ್ಕ. ಅವಳು ಎರಡು ಗುಟುಕಿಗೇ ಮುಖ ಕಿವುಚಿ ಲೋಟ ಪಕ್ಕಕ್ಕಿಟ್ಟಳು. ಅಪ್ಪ ಮಗಳು ಹರಟುತ್ತಲೇ ಇದ್ದರು.

ಇದು ಸರಿಯೋ ತಪ್ಪೋ, ನಾನರಿಯೆ. ಅದೇ ವಯಸ್ಸಿನಲ್ಲಿ ನನ್ನ ಮಗನ ಬಾಯಿಂದ ಬಿಯರ್ ವಾಸನೆ ಬಂದಾಗ ನಾನು ಒಂದು ಮಾತೂ ಕೇಳದೆ ಬೆಲ್ಟು ಬಿಚ್ಚಿದೆ. ನಿನ್ನತ್ತಿಗೆ ಇದ್ದಿದ್ದರೆ ಅಡ್ಡ ಬರುತ್ತಿದ್ದಳು. ಅವನು ನಿನ್ನ ಮನೆ ಸೇರಿದ. ಇವತ್ತಿಗೂ ನನ್ನ ಹತ್ತಿರ ಮಾತಿಲ್ಲ.

ಮಾತ್ರೆ ಇನ್ನೂ ಇವೆ, ಚಿಂತಿಸಬೇಡ. ಈ ಕಾರ್ಡನ್ನು ಓದಿ ಎತ್ತಿಡಬೇಡ. ಅವನ ಕಣ್ಣಿಗೆ ಬೀಳುವ ಕಡೆ ಬಿಟ್ಟಿರು.

ಜಾಗ ಮುಗಿಯಿತು.
ಅಣ್ಣ