ಪೂಜೆಗಿಟ್ಟ ಪೆಟ್ಟಿಗೆ

ಅಜ್ಜಂಪುರ
10-11-2025, ಕಾರ್ತಿಕ ಸೋಮವಾರ

ಚಿ. ಧನ್ಯಶ್ರೀಗೆ,

ನಿನ್ನ ಅಮ್ಮ ಶಂಕರಮ್ಮ ಮಾಡುವ ಆಶೀರ್ವಾದ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ, ಈ ಸಲ ಬರೆಯಲು ಕೈ ಬರುತ್ತಿಲ್ಲ. ನೀನು ಫೋನ್ ಎತ್ತುತ್ತಿಲ್ಲ. ಮೆಸೇಜು ಕಳಿಸಿದರೆ ಒಂದೇ ಗೀಟು ಬಿದ್ದು ನಿಲ್ಲುತ್ತದೆ. ಕಡೂರಿನಲ್ಲಿರುವ ನಿನ್ನ ಗೆಳತಿ ಅನುಷಾಳ ಕಾಲು ಹಿಡಿದು ಒಸಾಕದ ವಿಳಾಸ ತರಿಸಿಕೊಂಡೆ. ಅರ್ಧ ಓದಿ ಹರಿದು ಹಾಕಬೇಡ. ನಿನ್ನ ಹಟ ನನಗೆ ಗೊತ್ತು, ಅದು ನನ್ನ ಹೊಟ್ಟೆಯಿಂದಲೇ ಬಂದದ್ದು.

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಮಹಾನವಮಿಯಿಂದ ಈಚೆಗೆ ನಾನು ನಿನ್ನ ಆಟದೊಳಗೆ ಬರಲಿಲ್ಲವಲ್ಲ, ಅದಕ್ಕೆ ಮುನಿಸು ಕಾರಣವಲ್ಲ. ನೀನು ಕಳಿಸಿದ ಆಟದ ಪೆಟ್ಟಿಗೆ ಕೆಟ್ಟಿದೆ. ಕೆಡಿಸಿದವಳು ನಾನೇ.

ತರೀಕೆರೆಯ ಸಂಬಂಧ ಬೇಡವೆಂದು ನೀನು ಜಪಾನಿಗೆ ಹೊರಟಾಗ, ಆಟ ಮಾಡುವುದೂ ಒಂದು ಕೆಲಸವೇ ಎಂದು ಕೇಳಿದ್ದೆ. ಆ ದೀಪಾವಳಿಗೆ ನೀನು ಈ ಪೆಟ್ಟಿಗೆ ಕಳಿಸಿ, ಟೀವಿಗೆ ಸಿಕ್ಕಿಸಿಕೋ ಎಂದಷ್ಟೇ ಹೇಳಿದೆ. ಫೋನಿನಲ್ಲಿ ಬಾಯಿ ಬಿಟ್ಟರೆ ನಮ್ಮಿಬ್ಬರದೂ ಜಗಳವೇ. ನಿಮ್ಮ ಕಂಪನಿ ಮಾಡಿದ ಆ ಆಟದಲ್ಲಿ ಮಾತಿಲ್ಲ. ಒಂದು ಊರು, ಊರಲ್ಲಿ ನನಗೊಂದು ಮನೆ, ಹಿತ್ತಿಲು. ನಾನು ಬೆಂಡೆ ಹಾಕುತ್ತಿದ್ದೆ, ನೀನು ಬಂದು ಕಳೆ ಕೀಳುತ್ತಿದ್ದೆ. ಆಮೇಲೆ ಇಬ್ಬರೂ ಜಗಲಿಯ ಮೇಲೆ ಕೂರುತ್ತಿದ್ದೆವು. ಹೋಗುವಾಗ ನೀನು ಕೈ ಬೀಸುತ್ತಿದ್ದೆ, ನಾನೂ ಗುಂಡಿ ಹುಡುಕಿ ಬೀಸುತ್ತಿದ್ದೆ. ಮೂರು ವರ್ಷ ನಾವು ತಾಯಿ ಮಗಳಾಗಿದ್ದದ್ದು ಅಲ್ಲಿ ಮಾತ್ರ.

ಮಹಾನವಮಿಗೆ ಸ್ವಲ್ಪ ಮುಂಚೆ ನಿನ್ನ ಉದ್ದದ ಮೆಸೇಜು ಬಂತು. ಜಪಾನಿನಲ್ಲಿ ಈಗ ಮನೆಯಲ್ಲಿ ಟೀವಿಯ ಮುಂದೆ ಕುಳಿತು ಆಡುವವರೇ ಕಡಿಮೆಯಾಗಿದ್ದಾರೆ, ಮಕ್ಕಳು ರೈಲಿನಲ್ಲೇ ಮೊಬೈಲು ಹಿಡಿದು ಆಡಿ ಮುಗಿಸುತ್ತಾರೆ, ಇಕ್ಕಟ್ಟಿನ ಮನೆಗೆ ಹೊಸ ಸಂಸಾರದವರು ಟೀವಿಯನ್ನೇ ತರುವುದಿಲ್ಲ ಎಂದು ಬರೆದಿದ್ದೆ. ನೀನು ಹೋದ ಹೊಸದರಲ್ಲಿ ಫೋಟೋ ಕಳಿಸಿದ್ದ ಆ ದೊಡ್ಡ ಆಟದಂಗಡಿ ಈಗ ಔಷಧಿ ಅಂಗಡಿಯಂತೆ. ನಿಮ್ಮ ಕಂಪನಿ ಪೆಟ್ಟಿಗೆ ಆಟದ ಕೆಲಸ ನಿಲ್ಲಿಸುತ್ತದೆ, ನವೆಂಬರ್ ಕೊನೆಗೆ ಆಟದೊಳಗಿನ ನಮ್ಮ ಊರೂ ಆರಿಹೋಗುತ್ತದೆ, ಅಲ್ಲಿಯವರೆಗೆ ದಿನಾ ಸಂಜೆ ಬಾಮ್ಮ ಎಂದು ಕೇಳಿದ್ದೆ. ನೀನು ನನ್ನನ್ನು ಏನಾದರೂ ಕೇಳಿ ಎಷ್ಟು ಕಾಲವಾಗಿತ್ತು. ಓದಿ ಅತ್ತುಬಿಟ್ಟೆ.

ಹಿಂದಿನ ಆಯುಧ ಪೂಜೆಗಳಲ್ಲಿ ಆ ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿಬಿಡುತ್ತಿದ್ದೆ. ಆಡುವ ಸಾಮಾನಿಗೆ ಎಂಥ ಪೂಜೆ ಎಂದು. ಈ ಸಲ ಮನಸ್ಸು ತಡೆಯಲಿಲ್ಲ. ನನ್ನ ಮಗಳಿಗೆ ಅನ್ನ ಕೊಟ್ಟದ್ದು ಇದೇ ಅಲ್ಲವೇ ಎಂದು, ಪ್ರತಿ ವರ್ಷ ಹೊಲಿಗೆ ಯಂತ್ರ ಇಡುವ ಜಾಗದಲ್ಲಿ ರಂಗೋಲಿ ಹಾಕಿ ಅದನ್ನು ಇಟ್ಟೆ. ಯಂತ್ರಕ್ಕೆ ಮಾಡುವುದನ್ನೆಲ್ಲ ಮಾಡಿದೆ. ಒಳಗಿನ ಫ್ಯಾನು ಕಿರುಗುಟ್ಟುತ್ತಿತ್ತು, ಸೀಳಿನಲ್ಲಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ವಿಭೂತಿ ಕಲಸಿ ಬಳಿದು, ಹೂವಿನಲ್ಲಿ ನೀರು ಚಿಮುಕಿಸಿ, ಇವಳ ಕೆಲಸ ಉಳಿಸಪ್ಪ ಎಂದು ಕೈ ಮುಗಿದೆ. ಸಂಜೆ ಗುಂಡಿ ಒತ್ತಿದರೆ ಒಮ್ಮೆ ಮಿಣುಕಿ ಸುಟ್ಟ ವಾಸನೆ ಬಂತು.

ಮಾರನೆಯ ದಿನವೇ ಬಸ್ಸು ಹತ್ತಿ ಕಡೂರಿಗೆ ಹೋದೆ. ಟೀವಿ ರಿಪೇರಿಯ ಗುರುಮೂರ್ತಿ ಮುಚ್ಚಳ ಬಿಚ್ಚಿ, ಬೆರಳಿಗೆ ಹತ್ತಿದ ಎಣ್ಣೆ ನೋಡಿಕೊಂಡು, "ಅಕ್ಕ, ಪೂಜೆ ಮಾಡೋದು ಬಿಟ್ಟು ಅಭಿಷೇಕ ಮಾಡ್ಬಿಟ್ಟಿದೀರಲ್ಲ" ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಬರುವಾಗ ಬಸ್ಸಿನಲ್ಲಿ ಕಣ್ಣು ಒರೆಸಿಕೊಂಡೆ. ಇದು ಇನ್ನು ರಿಪೇರಿಯಾಗದಂತೆ, ಬೇರೆ ಪೆಟ್ಟಿಗೆ ಸಿಕ್ಕಿದರೂ ಆಟದಲ್ಲಿನ ನನ್ನ ಮನೆಗೆ ಹೋಗುವ ಪಾಸ್‌ವರ್ಡ್ ನಿನ್ನ ಹತ್ತಿರವೇ ಇದೆಯಂತೆ. ಅದನ್ನು ಕೇಳೋಣವೆಂದು ಮಾಡಿದ ಫೋನುಗಳನ್ನೇ ನೀನು ಎತ್ತಲಿಲ್ಲ. ಆಟವೂ ಒಂದು ಕೆಲಸವೇ ಎಂದು ಹಿಂದೆ ಅಂದದ್ದನ್ನೇ ನಾನು ಈಗ ಆಟಕ್ಕೆ ಬಾರದೆ, ಬಾಯಿ ಮುಚ್ಚಿಕೊಂಡು ಅನ್ನುತ್ತಿದ್ದೇನೆ ಎಂದುಕೊಂಡೆಯಲ್ಲವೇ? ಇಲ್ಲ ಕಣೇ.

ಹೊಸ ಥರದ ಪೆಟ್ಟಿಗೆ ಬಂದಿದೆ, ಕೊಳ್ಳಲು ಜನ ಹೆಸರು ಬರೆಸಿ ಚೀಟಿ ಎತ್ತುವುದನ್ನು ಕಾಯುತ್ತಿದ್ದಾರೆ, ಈ ಕಸುಬು ಮತ್ತೆ ಚಿಗುರಬಹುದು ಎಂದೂ ಆ ಮೆಸೇಜಿನಲ್ಲಿ ನೀನು ಬರೆದಿದ್ದೆ. ಕೈಯಲ್ಲಿ ಹಿಡಿದೂ ಆಡಬಹುದಂತೆ, ಟೀವಿಗೂ ಸಿಕ್ಕಿಸಬಹುದಂತೆ. ಕೈಯಲ್ಲೇ ಆಡಲು ಬಂದ ಮೇಲೆ ಯಾರು ಚಾಪೆ ಹಾಸಿ ಟೀವಿಯ ಮುಂದೆ ಜೊತೆಗೆ ಕೂರುತ್ತಾರೆ? ಚಿಗುರಿದರೆ ಸಂತೋಷ. ನನಗಂತೂ ಧೈರ್ಯವಿಲ್ಲ. ರೆಡಿಮೇಡ್ ಬಂದಾಗಲೂ ರವಿಕೆ ಹೊಲಿಗೆಗೆ ಏನೂ ಆಗುವುದಿಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದ್ದರು.

ಈ ಕಾಗದ ಮುಟ್ಟಲು ಎಷ್ಟು ದಿನವೋ ಹೇಳಲಾಗದು ಎಂದರು ಅಂಚೆ ಕಚೇರಿಯಲ್ಲಿ. ನೀನು ಇದನ್ನು ಓದುವಾಗ ಆ ಊರು ಇರುತ್ತದೋ ಇಲ್ಲವೋ. ಇದ್ದರೆ ನನ್ನ ಹಿತ್ತಿಲಿಗೆ ಹೋಗಿ ಬೆಂಡೆಗೆ ನೀರು ಹಾಕು, ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತಿರು. ನಾನು ದೀಪ ಹಚ್ಚಿದ ಮೇಲೆ ದಿನಾ ಚಾಪೆ ಹಾಸಿಕೊಂಡು ಆ ಕಪ್ಪು ಟೀವಿಯ ಮುಂದೆ ಕೂರುತ್ತೇನೆ. ಆರಿಹೋಗಿದ್ದರೆ ಫೋನಾದರೂ ಎತ್ತು. ಜಗಳವಾದರೆ ಆಗಲಿ.

ಇಂತಿ,
ನಿನ್ನ ಅಮ್ಮ
ಶಂಕರಮ್ಮ

ಮ.ವಿ.: ನನ್ನ ಹೊಲಿಗೆ ಅಂಗಡಿ ಹೇಗೆ ನಡೆಯುತ್ತಿದೆ ಎಂದು ನೀನು ಕೇಳಿದ್ದೆ, ನಾನು ಬರೆಯಬಾರದೆಂದುಕೊಂಡಿದ್ದೆ. ರವಿಕೆಗೂ ಯಾರೂ ಬರುತ್ತಿರಲಿಲ್ಲ. ಶ್ರಾವಣದಲ್ಲೇ ಬಾಗಿಲು ಹಾಕಿ, ಹೊಲಿಗೆ ಯಂತ್ರವನ್ನು ಚೌಳಹಿರಿಯೂರಿನ ದುರ್ಗಮ್ಮನಿಗೆ ಕೊಟ್ಟುಬಿಟ್ಟೆ. ಈ ಸಲ ಪೂಜೆಗೆ ಇಡಲು ಮನೆಯಲ್ಲಿದ್ದದ್ದು ನಿನ್ನ ಪೆಟ್ಟಿಗೆಯೊಂದೇ. ವಿಭೂತಿ ಇನ್ನೂ ಒರೆಸಿಲ್ಲ.